ಅರ್ಧ ಅಂಗುಲ

ಹನ್ನೊಂದನೆಯ ಮೊಳ ಅಳೆಯುತ್ತಿದ್ದ ಮುನಿಯಲ್ಲಮ್ಮನ ಕೈ ಅಲ್ಲೇ ನಿಂತಿತು. ಮಲ್ಲಿಗೆ ಸರದ ಒಂದು ತುದಿ ಮೊಣಕೈ ಹತ್ತಿರ, ಇನ್ನೊಂದು ತುದಿ ನಡುಬೆರಳಿನಲ್ಲಿ, ಎಳೆದದ್ದು ಎಳೆದ ಹಾಗೇ ಇತ್ತು.

“ಯಾರಿಗೆ ಅಂದ್ರಿ?”

“ನಮ್ಮ ಅಬ್ಬಾಗೆ,” ಎಂದ ಎದುರಿಗೆ ಸೈಕಲ್ ಹಿಡಿದು ನಿಂತಿದ್ದ ವಹಾಬ್. “ತಾಜುದ್ದೀನ್ ಮೇಷ್ಟ್ರಿಗೆ. ಬೆಳಗ್ಗೆ ಆರು ಗಂಟೇಲಿ ಹೋಗ್ಬಿಟ್ರು. ಮಧ್ಯಾಹ್ನದ ನಮಾಜಿಗೆ ಎತ್ತಬೇಕು. ಅಷ್ಟರೊಳಗೆ ಚಾದರ ಆಗ್ಬೇಕು ಅಕ್ಕ.”

ಹೆಣ ಹೊತ್ತೊಯ್ಯುವ ಜನಾಜದ ಮೇಲೆ ಹೊದಿಸುವ ಹೂವಿನ ಚಾದರ ಮುನಿಯಲ್ಲಮ್ಮನಿಗೆ ಹೊಸದಲ್ಲ. ಕೊಡಿಗೇಹಳ್ಳಿ ಗೇಟಿನ ಹತ್ತಿರ ಗೋಣಿಚೀಲ ಹಾಸಿಕೊಂಡು ಎಂಟು ವರ್ಷದಿಂದ ಹೂ ಮಾರುತ್ತಿದ್ದಳು. ಮದುವೆಗೂ ಅವಳೇ, ಮಣ್ಣಿಗೂ ಅವಳೇ. ಬೇರೆಯವರ ಮೊಳ ಆಷಾಢಕ್ಕೊಂದು, ಶ್ರಾವಣಕ್ಕೊಂದು. ಇವಳ ಮೊಳ ವರ್ಷಪೂರ್ತಿ ಒಂದೇ, ಅದರ ಮೇಲೆ ನಾಲ್ಕು ಬೆರಳು ಜಾಸ್ತಿ. ಯಾಕಮ್ಮ ಹೀಗೆ ಕೈ ಬಿಟ್ಟು ಕೊಡ್ತೀಯ ಎಂದು ಯಾರಾದರೂ ಕೇಳಿದರೆ, ನನ್ನ ಕೈ ಮೇಲೆ ನನಗೇ ನಂಬಿಕೆಯಿಲ್ಲ ಎಂದು ನಗುತ್ತಿದ್ದಳು. ಅದು ತಮಾಷೆಯಲ್ಲವೆಂದು ಅವಳ ಗಂಡ ಲಕ್ಕಣ್ಣನಿಗೆ ಮಾತ್ರ ಗೊತ್ತಿತ್ತು. ಮನೆಗೆ ನಾಲ್ಕು ಜನ ಬಂದರೆ ಅವಳು ಅವರ ಎದುರಿಗೆ ಲೋಟಕ್ಕೆ ಕಾಫಿ ಬಗ್ಗಿಸುತ್ತಿರಲಿಲ್ಲ. ಒಳಗೆ ಬಗ್ಗಿಸಿಕೊಂಡು ತಂದು ಕೊಡುತ್ತಿದ್ದಳು. ಜನ ನೋಡುತ್ತಿದ್ದರೆ ಕೈ ನಡುಗುತ್ತಿತ್ತು.

ಚಾದರ ಎಷ್ಟು ಉದ್ದ ಬೇಕೆಂದು ವಹಾಬ್ ಹೇಳಲು ಬಾಯಿ ತೆರೆದ. ಬೇಡ, ಗೊತ್ತು ಎಂದಳು. ಮೇಷ್ಟರು ಎಷ್ಟು ಎತ್ತರ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಗೇಟಿನವರೆಗೆ ನಡೆದು ಬಂದು, ಅವಳ ಗೋಣಿಚೀಲದ ಮುಂದೆ ನೆರಳು ಚೆಲ್ಲಿ ನಿಲ್ಲುತ್ತಿದ್ದರು. ಎರಡು ಮೊಳ ಮಲ್ಲಿಗೆ. ಕನ್ನಡಕ ತೆಗೆದು ಒರೆಸುವರು, ಹಾಕಿಕೊಳ್ಳುವರು, ಮತ್ತೆ ತೆಗೆಯುವರು. “ಮಗಳು ಸ್ಕೂಲಿಗೆ ಹೋಗ್ತಿದ್ದಾಳಾ?” ಎನ್ನುವರು. ಹೂಂ ಸಾ ಎಂದರೆ, “ಹೋಗ್ಲಿ, ಹೋಗ್ಲಿ” ಎಂದು ಹೂವಿನ ಪೊಟ್ಟಣ ಹಿಡಿದು ಹೊರಟುಬಿಡುವರು. ತನ್ನ ಗುರುತೇ ಇವರಿಗೆ ಇಲ್ಲ, ಯಾವಳೋ ಹೂವಿನವಳು ಅಂದುಕೊಂಡಿದ್ದಾರೆ ಎಂದು ಅವಳು ತಿಳಿದಿದ್ದಳು. ಅದರಿಂದ ಅವಳಿಗೆ ಸಮಾಧಾನವೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

“ನೀವು ನಡೀರಿ,” ಎಂದಳು ವಹಾಬನಿಗೆ. “ನಾನೇ ಊವು ಎತ್ಕೊಂಡು ಬತ್ತೀನಿ. ಅಲ್ಲೇ ಕೂತು ಕಟ್ತೀನಿ.”

*

ತಾಜುದ್ದೀನ್ ಮೇಷ್ಟರಿಗೆ ಊರಿನಲ್ಲಿ ಇನ್ನೊಂದು ಹೆಸರಿತ್ತು, ಮುಲ್ಲಂಗಿ ಮೇಷ್ಟ್ರು. ಲೆಕ್ಕದ ಪೀರಿಯಡ್ಡಿಗೆ ಅವರು ಪುಸ್ತಕ ತಂದದ್ದನ್ನು ಯಾರೂ ಕಂಡಿಲ್ಲ. ಕೈಯಲ್ಲಿ ತರಕಾರಿ ಚೀಲ. ಪಾಠಕ್ಕೆ ಹೊರಟರೋ ಸಂತೆಗೆ ಹೊರಟರೋ ಎಂದು ಹೆಡ್‌ಮಾಸ್ಟರೇ ಕೇಳುತ್ತಿದ್ದರು. ಕಪ್ಪು ಹಲಗೆ ಚಪ್ಪಟೆ, ಪ್ರಪಂಚ ಚಪ್ಪಟೆ ಅಲ್ಲ, ಅದಕ್ಕೇ ಹಲಗೆಯ ಮೇಲೆ ಡಬ್ಬ ಬರೆದರೆ ಮಕ್ಕಳಿಗೆ ಡಬ್ಬ ಕಾಣುವುದಿಲ್ಲ, ನಾಲ್ಕು ಗೆರೆ ಕಾಣುತ್ತದೆ ಎಂಬುದು ಅವರ ವಾದ.

ಮುಲ್ಲಂಗಿಯ ನಡುವನ್ನು ಕತ್ತರಿಸಿದರೆ ಸಿಲಿಂಡರ್. ಅದರ ಚೂಪು ತುದಿ ಶಂಕು. ಆಲೂಗಡ್ಡೆಯ ಆರು ಕಡೆ ಹೆರೆದರೆ ಘನ. ಎಷ್ಟು ಮುಖ, ಎಷ್ಟು ಅಂಚು, ಎಷ್ಟು ಮೂಲೆ ಎಂದು ಬೆರಳು ಇಟ್ಟು ಎಣಿಸಿ ಹೇಳಿದವರು ಅದನ್ನು ತಿನ್ನಬಹುದು. ಸೌತೆಕಾಯಿ ತರುವ ದಿನ ಇಡೀ ಕ್ಲಾಸು ಹಾಜರು. ಹಸಿ ಆಲೂಗಡ್ಡೆ ತಿಂದು ಒಬ್ಬ ಹೊಟ್ಟೆನೋವು ಬರಿಸಿಕೊಂಡು ಅವನ ಅಪ್ಪ ಜಗಳಕ್ಕೆ ಬಂದದ್ದೂ ಉಂಟು. ಊರಿನಲ್ಲಿ ಯಾರ ಮದುವೆ ಮುಗಿದರೂ ಲಗ್ನಪತ್ರಿಕೆಗಳೆಲ್ಲ ಮೇಷ್ಟರ ಮನೆ ಸೇರುತ್ತಿದ್ದವು. ಅರಿಸಿನದ ಮೂಲೆಯವು, ಚಂದ್ರ-ನಕ್ಷತ್ರದವು, ಎಲ್ಲವನ್ನೂ ಮಡಿಸಿ, ಅಂಟಿಸಿ ಮಕ್ಕಳು ಪೆಟ್ಟಿಗೆ ಮಾಡುತ್ತಿದ್ದರು. ಕಿಟಕಿಯ ಮೇಲೆ ಕೆರೆ ಮಣ್ಣಿನ ಗೋಳಗಳು ಒಣಗುತ್ತಿದ್ದವು.

ಆ ಕೆಲಸದಲ್ಲೆಲ್ಲ ಏಳನೇ ಕ್ಲಾಸಿನ ಮುನಿಯಲ್ಲಮ್ಮ ಮುಂದು. ಅಡಿಪಟ್ಟಿ ಮುಟ್ಟದೆ ಆಲೂಗಡ್ಡೆಯನ್ನು ನೇರ ಹೆರೆಯುತ್ತಿದ್ದಳು. ಮೇಷ್ಟರು ಅವಳ ಕೈಯನ್ನು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸುತ್ತಿದ್ದರು. ಇವಳ ಕೈಯಲ್ಲೇ ಅಳತೆ ಇದೆ, ಇವಳು ಯಲಹಂಕಕ್ಕೆ ಹೈಸ್ಕೂಲಿಗೆ ಹೋಗಬೇಕು, ಆಮೇಲೆ ನನ್ನ ಕುರ್ಚಿಯಲ್ಲಿ ಕೂರಬೇಕು ಎನ್ನುತ್ತಿದ್ದರು. ಮನೆಗೆ ಬಂದು ಅವಳು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಎಪ್ಪತ್ಮೂರರ ಡಿಸೆಂಬರಿನಲ್ಲಿ ಇನ್‌ಸ್ಪೆಕ್ಟರ್ ಬಂದರು. ಆ ಕಾಲದ ಮೇಷ್ಟರುಗಳಿಗೆ ಇನ್‌ಸ್ಪೆಕ್ಟರ್ ಎಂದರೆ ಯಮಧರ್ಮನ ತಮ್ಮ. ರಟ್ಟಿನ ಶಂಕು ಚೆನ್ನಾಗಿ ಕಾಣುವುದಿಲ್ಲವೆಂದು ತಾಜುದ್ದೀನ್ ಮೇಷ್ಟರು ತಗಡಿನಲ್ಲಿ ಹೊಸದಾಗಿ ಮಾಡಿಸಿದ್ದರು. ನಾಲ್ಕಂಗುಲ ಅಗಲ, ನಾಲ್ಕಂಗುಲ ಎತ್ತರದ ಒಂದು ದುಂಡು ಡಬ್ಬ. ಅಷ್ಟೇ ಅಗಲ, ಅಷ್ಟೇ ಎತ್ತರದ ಒಂದು ಶಂಕು. ಹಾಗಿದ್ದರೆ ಶಂಕುವಿನಲ್ಲಿ ಮೂರು ಸಲ ಮರಳು ತುಂಬಿ ಸುರಿದರೆ ಡಬ್ಬ ಕಂಠಮಟ್ಟ ತುಂಬಬೇಕು. ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ರಟ್ಟಿನದರಲ್ಲಿ ನೂರು ಸಲ ತುಂಬಿತ್ತು. ತಗಡಿನದು ಬಂದದ್ದು ಅವತ್ತು ಬೆಳಗ್ಗೆ. ಪರೀಕ್ಷೆ ಮಾಡಿ ನೋಡಲು ಮೇಷ್ಟರಿಗೆ ಪುರುಸೊತ್ತಾಗಲಿಲ್ಲ. ಬೇಕು ಎಂದೂ ಅನಿಸಲಿಲ್ಲ.

ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಮುನಿಯಲ್ಲಮ್ಮನನ್ನು ಕರೆದರು. ಅವಳು ಶಂಕುವನ್ನು ತುಂಬಿ, ತಲೆ ಸವರಿ, ಸುರಿದಳು. ಒಂದು. ಎರಡು. ಮೂರು. ಡಬ್ಬದ ಬಾಯಿ ಇನ್ನೂ ಅರ್ಧ ಅಂಗುಲ ಮೇಲಿತ್ತು.

“ಏನ್ರೀ ಮೇಷ್ಟ್ರೇ, ನಿಮ್ಮೂರಲ್ಲಿ ಮೂರು ಮೂರಲ್ವೇನ್ರೀ?” ಎಂದರು ಇನ್‌ಸ್ಪೆಕ್ಟರು. ಹೆಡ್‌ಮಾಸ್ಟರು ನಕ್ಕರು.

ಮೇಷ್ಟರ ಕಣ್ಣು ಪೇಪರಿನ ಮೇಲೆ ಬಿತ್ತು. ಮರಳು ಇಟ್ಟ ಯಾವ ಪೇಪರಿನ ಮೇಲೂ ಇರುವ ಹಾಗೆ ಅಲ್ಲಿ ನಾಲ್ಕಾರು ಹರಳು ಬಿದ್ದಿದ್ದವು. “ಚೆಲ್ಲಿದ್ದಾಳೆ ಸಾರ್,” ಎಂದುಬಿಟ್ಟರು.

“ಇಲ್ಲ ಸಾ. ನಾನು ಚೆಲ್ಲಿಲ್ಲ,” ಎಂದಳು ಮುನಿಯಲ್ಲಮ್ಮ.

ಮೇಷ್ಟರು ಮಕ್ಕಳಿಗೆ ಹೊಡೆಯುವವರಲ್ಲ. ಅವತ್ತು ಹೊಡೆದರು, ಕೆನ್ನೆಗೆ. ಸುಳ್ಳು ಬೇರೆ ಹೇಳುತ್ತೀಯಾ ಎಂದರು. ಬಿದ್ದಿದ್ದ ಹರಳು ಉಗುರಿನ ಮೇಲೆ ತುಂಬುವಷ್ಟೂ ಇರಲಿಲ್ಲ, ಅರ್ಧ ಅಂಗುಲಕ್ಕೆ ಅದು ಎಲ್ಲಿ ಸಾಕು? ಲೆಕ್ಕದ ಕ್ಲಾಸಿನಲ್ಲಿ ಆ ಲೆಕ್ಕ ಒಬ್ಬರೂ ಹಾಕಲಿಲ್ಲ. ಇನ್‌ಸ್ಪೆಕ್ಟರು ಹೋಗಲಿ ಬಿಡಿ ಎಂದು, ಬೋಧನೆ ಉತ್ತಮವಾಗಿದೆ ಎಂದು ಪುಸ್ತಕದಲ್ಲಿ ಬರೆದು ಹೋದರು. ಮುನಿಯಲ್ಲಮ್ಮ ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ.

*

ಮೇಷ್ಟರ ಮನೆಯ ಎದುರಿಗೆ ಸೊಣ್ಣಮ್ಮನ ಮನೆಯ ಜಗಲಿ. ಮುನಿಯಲ್ಲಮ್ಮ ಅಲ್ಲಿ ಕೂತು ಬಾಳೆನಾರಿನಲ್ಲಿ ಚಾದರದ ಕೊನೆಯ ಸಾಲುಗಳನ್ನು ಕಟ್ಟುತ್ತಿದ್ದಳು. ಕೆಳಗೆ ಬೀದಿಯಲ್ಲಿ ಬೆಂಚು ಹಾಕಿದ್ದರು. ಊರಿನ ಗಂಡಸರೆಲ್ಲ, ಟೋಪಿಯವರೂ ವಿಭೂತಿಯವರೂ, ಸಾಲಾಗಿ ಕೂತಿದ್ದರು. ಬಹಳ ಜನ ಮೇಷ್ಟರ ಹತ್ತಿರ ಕಲಿತವರು. ಸಾವಿನ ಮನೆಯಲ್ಲಿ ಮೊದಲು ಕಾಯಿಲೆಯ ಮಾತು, ಆಮೇಲೆ ಡಾಕ್ಟರ ಮಾತು, ಅದು ಮುಗಿದ ಮೇಲೆ ಸತ್ತವರ ತಮಾಷೆಯ ಮಾತು. ಬೆಂಚು ಮೂರನೆಯದಕ್ಕೆ ಬಂದಿತ್ತು.

ಬಸ್ ಕಂಡಕ್ಟರ್ ಆಗಿರುವ ಆನಂದಪ್ಪ ಖಾಕಿ ಯೂನಿಫಾರಮ್ಮಿನಲ್ಲೇ ಬಂದಿದ್ದ. ಡ್ಯೂಟಿಯಿಂದ ನೇರ ಇಳಿದು ಬಂದವನು. ಸೌತೆಕಾಯಿಯ ಕತೆ ಹೇಳಿ ನಗಿಸಿದ, ತಾನೂ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

“ಅವೆಲ್ಲ ಇರ್ಲಿ ಗುರು,” ಎಂದ. “ಅರ್ಧ ಅಂಗುಲದ ಪಾಠ ಮರೆಯೋಕಾಗುತ್ತಾ? ಶಂಕು ತಗೊಂಡು ಮೂರು ಸಲ ಹಾಕ್ರೋ ಅನ್ನೋರು. ಹಾಕಿದ್ರೆ ಡಬ್ಬ ತುಂಬ್ತಿರ್ಲಿಲ್ಲ. ಅರ್ಧ ಅಂಗುಲ ಎಲ್ಲಿ ಹೋಯ್ತು ಹುಡುಕ್ರೋ ಅಂತ ಕೈ ಕಟ್ಕೊಂಡು ನಿಂತ್ಬಿಡೋರು. ನಾವು ಮರಳು ಜರಡಿ ಹಿಡಿದ್ವಿ, ಡಬ್ಬ ತೂತಾ ನೋಡಿದ್ವಿ. ನಂಗೆ ಎರಡು ದಿನ ಬೇಕಾಯ್ತು ಕಣ್ರೋ. ಶಂಕೂನೇ ಗಿಡ್ಡ! ಓರೆಯಾಗಿ ಅಳೆದ್ರೆ ನಾಲ್ಕಂಗುಲ, ನೆಟ್ಟಗೆ ಅಳೆದ್ರೆ ಮೂರೂವರೆ. ಕಂಡುಹಿಡಿದ್ ದಿನ ಮೇಷ್ಟ್ರು ನನ್ನ ತಬ್ಬಿಕೊಂಡ್ರು.”

ತನಗೂ ಹಾಗೇ, ತನಗೂ ಹಾಗೇ ಎಂದು ಬೆಂಚಿನ ತುಂಬ ಮಾತು ಎದ್ದಿತು. ಎಂಥ ಉಪಾಯ ಮಾಡಿದ್ದರು ನೋಡಿ, ಬೇಕೆಂದೇ ತಪ್ಪು ಶಂಕು ಮಾಡಿಸಿದ್ದರು ಎಂದು ಎಲ್ಲರೂ ತಲೆದೂಗಿದರು.

ಜಗಲಿಯ ಮೇಲೆ ಮುನಿಯಲ್ಲಮ್ಮನ ಬೆರಳು ಗಂಟು ಹಾಕುತ್ತಲೇ ಇದ್ದವು. ಒಂದು ಗುಲಾಬಿ, ಒಂದು ಗಂಟು. “ಆನಂದಪ್ಪ,” ಎಂದು ಕರೆದಳು. “ಅದ್ನ ಯಾವ ವರ್ಸ ಕಲ್ಸಿದ್ರು ನಿಂಗೆ?”

“ನಾನು ಏಳನೇ ಕ್ಲಾಸು. ಎಪ್ಪತ್ನಾಲ್ಕು. ನಮ್ಮ ಬ್ಯಾಚಿಂದಾನೇ ಶುರು ಅದು.”

ಆಗ ಬೆಂಚಿನ ಕೊನೆಯಲ್ಲಿ ಕೋಲೂರಿ ಕೂತಿದ್ದ ಮುದುಕ ಮೊಯಿನುದ್ದೀನ್ ಗಂಟಲು ಸರಿಮಾಡಿಕೊಂಡ. ಬ್ಯಾಟರಾಯನಪುರದಲ್ಲಿ ತಗಡಿನ ಅಂಗಡಿ ಇಟ್ಟಿದ್ದವನು, ಡಬ್ಬ, ಆಲಿಕೆ, ಚಿಮಣಿ ದೀಪ ಮಾಡುತ್ತಿದ್ದವನು. “ಬೇಕಂತ ಮಾಡ್ಸಿದ್ದಲ್ಲಪ್ಪ,” ಎಂದ. “ನನ್ನ ತಪ್ಪು ಅದು. ನಾಲ್ಕಂಗುಲ ಎತ್ತರ ಅಂದ್ರು. ನಂಗೇನ್ ಗೊತ್ತು ಅವ್ರ ಲೆಕ್ಕ? ಎಣ್ಣೆ ಆಲಿಕೆ ಕತ್ತರಿಸೋ ಹಂಗೇ ತಗಡಿನ ಮೇಲೆ ನಾಲ್ಕಂಗುಲ ಅಳೆದು ಅರ್ಧ ಚಕ್ರ ಕೊರೆದು ಮಡಿಸ್ದೆ. ಇನ್‌ಸ್ಪೆಕ್ಟರ್ ಬಂದಿದ್ರಲ್ಲ, ಅವತ್ತೇ ಸಾಯಂಕಾಲ ಮೇಷ್ಟ್ರು ಅಡಿಪಟ್ಟಿ ತಗೊಂಡು ನನ್ನಂಗ್ಡಿಗೆ ಬಂದ್ರು. ಅಳೆದ್ರು. ಇನ್ನೊಂದು ಸಲ ಅಳೆದ್ರು. ಆಮೇಲೆ ಕತ್ತರಿ, ತಗಡಿನ ಮಧ್ಯದಲ್ಲೇ ಕೂತ್ಬಿಟ್ರು.”

“ಅವತ್ತೇ ಸಾಯಂಕಾಲಾನಾ?” ಎಂದು ಕೇಳಿದಳು ಮುನಿಯಲ್ಲಮ್ಮ.

“ಅವತ್ತೇ.”

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಚೆಲ್ಲಿಲ್ಲ ಎಂದು ಮೊದಲ ಒಂದು ವರ್ಷ ತನಗೆ ತಾನೇ ಹೇಳಿಕೊಂಡಿದ್ದಳು. ಆಮೇಲೆ ಅಪ್ಪ ಹೇಳಿ, ಅತ್ತೆ ಹೇಳಿ, ಚೆಲ್ಲಿರಬಹುದು ಎನಿಸಿತು. ಆಮೇಲೆ ಚೆಲ್ಲಿದ್ದೇ ನಿಜವೆಂದು ನಂಬಿ ಕೂತಳು. ತನ್ನ ಕೈಯನ್ನು ತಾನೇ ಕಳ್ಳನ ಹಾಗೆ ನೋಡಿಕೊಂಡು ಹದಿಮೂರು ವರ್ಷ ಕಳೆದವು. ಅಷ್ಟು ವರ್ಷವೂ ಅವರಿಗೆ ಗೊತ್ತಿತ್ತು. ಗೇಟಿಗೆ ಬಂದು, ಕನ್ನಡಕ ಒರೆಸಿಕೊಂಡು, ಹೂ ಕೊಂಡು ಹೋದರು. ಊರಿನ ಮಕ್ಕಳಿಗೆಲ್ಲ ಕಲಿಸಿದರು, ತನ್ನೊಬ್ಬಳಿಗೆ ಹೇಳಲಿಲ್ಲ.

*

ಮೇಷ್ಟರು ಹೇಳಲು ಹೋಗಿದ್ದರು. ಹೊಡೆದ ಮೂರನೆಯ ದಿನ ಮುನಿಯಲ್ಲಮ್ಮನ ಅಪ್ಪ ಬ್ಯಾಟರಾಯಪ್ಪನ ಮನೆಗೆ ಹೋಗಿದ್ದರು. ಕೋಟಿನ ಜೇಬಿನಲ್ಲಿ ಗಿಡ್ಡ ಶಂಕು, ಇನ್ನೊಂದು ಜೇಬಿನಲ್ಲಿ ಅಡಿಪಟ್ಟಿ.

ಬ್ಯಾಟರಾಯಪ್ಪ ಹೂದೋಟದಿಂದ ಓಡಿ ಬಂದ. ಮೇಷ್ಟರು ಮನೆಗೆ ಬಂದದ್ದೇ ದೊಡ್ಡದು ಎಂದು ಹೆಗಲ ಮೇಲಿನ ಟವಲ್ಲು ಕೊಡವಿ ಜಗಲಿ ಒರೆಸಿದ. ಅವರು ಬಾಯಿ ತೆರೆಯುವ ಮೊದಲೇ ಕೈ ಮುಗಿದ.

“ನೀವು ಹೊಡ್ದಿದ್ದು ಒಳ್ಳೇದೇ ಆಯ್ತು ಬುದ್ಧಿ. ಅದ್ರ ಕೈ ಸಡ್ಲ. ಅದ್ಕೆ ಓದು ಯಾಕೆ? ತೋಟಕ್ಕೆ ಆಕಿದೀನಿ. ನೀವು ಮನ್ಸಿಗೆ ಅಚ್ಕೋಬೇಡಿ.”

ಗುರು ಹೊಡೆದರೆ ಸರಿಯಾಗಿಯೇ ಹೊಡೆದಿರುತ್ತಾನೆ ಎಂಬುದು ಆ ಊರಿನ ನಂಬಿಕೆ. ಬೈದಿದ್ದರೆ ಮೇಷ್ಟರು ನಿಜ ಹೇಳಿಬಿಡುತ್ತಿದ್ದರು. ಕೈ ಮುಗಿದವನ ಎದುರಿಗೆ, ನಾನು ಅಂಥವನಲ್ಲಪ್ಪ ಎನ್ನಲು ಬಾಯಿ ಬರಲಿಲ್ಲ. ಹುಡುಗಿ ಬುದ್ಧಿವಂತೆ, ಕಳಿಸು ಎಂದರು. ಇನ್ನೊಂದು ಸಲ ಎಂದರು. ಬ್ಯಾಟರಾಯಪ್ಪ ಅದನ್ನು ಮೇಷ್ಟರ ದೊಡ್ಡ ಗುಣ ಎಂದುಕೊಂಡ. ಕಾಫಿ ಬಂತು. ಕುಡಿದರು. ಎದ್ದು ಬಂದರು.

ಒಳಗಿನ ಬಾಗಿಲ ಹಿಂದೆ ನಿಂತು ಮುನಿಯಲ್ಲಮ್ಮ ಕೇಳಿಸಿಕೊಳ್ಳುತ್ತಿದ್ದಳು. ಮೇಷ್ಟರು, ಇವಳು ಚೆಲ್ಲಲಿಲ್ಲ ಎಂದು ಹೇಳುತ್ತಾರೆಂದು ಕಾದಳು. ಲೋಟ ಕೆಳಗಿಟ್ಟ ಸದ್ದು ಕೇಳಿತು, ಚಪ್ಪಲಿಯ ಸದ್ದು ಕೇಳಿತು, ಅಷ್ಟೇ.

*

ಸ್ನಾನ ಮಾಡಿಸಿ, ಕಫನ್ನಿನ ಬಿಳಿ ಬಟ್ಟೆ ಹೊದಿಸಿ, ಮೇಷ್ಟರನ್ನು ಅಂಗಳಕ್ಕೆ ತಂದು ಮಲಗಿಸಿದ್ದರು. ಮುಖ ಮಾತ್ರ ತೆರೆದಿತ್ತು. ಕನ್ನಡಕವಿಲ್ಲದ ಮುಖ ಬೇರೆ ಯಾರದೋ ಹಾಗೆ ಕಾಣುತ್ತಿತ್ತು. ಮುನಿಯಲ್ಲಮ್ಮ ಚಾದರ ತಂದು ವಹಾಬನ ಕೈಗೆ ಕೊಟ್ಟು ಹೆಂಗಸರ ಕಡೆ ಹೋಗಿ ಗೋಡೆಗೆ ಒರಗಿ ನಿಂತಳು.

ಎತ್ತುವ ಮೊದಲು ಒಂದು ಪದ್ಧತಿ. ಮನೆಯ ಮಗ ನಾಲ್ಕು ಜನರ ಮುಂದೆ ನಿಂತು, ಸತ್ತವರ ಪರವಾಗಿ ಕ್ಷಮೆ ಕೇಳಬೇಕು. ವಹಾಬ್ ಬಂದವರ ಕಡೆ ತಿರುಗಿದ.

“ಅಬ್ಬಾ ಕಡೆಯಿಂದ ಯಾರಿಗಾದ್ರೂ ಮಾತಿಂದಾಗಲಿ, ಕೈಯಿಂದಾಗಲಿ ನೋವಾಗಿದ್ರೆ ಮಾಫ್ ಮಾಡ್ಬೇಕು.”

ಮಾಫ್, ಮಾಫ್ ಎಂದರು ಗಂಡಸರೆಲ್ಲ. ಒಂದು ಸಲ ಕಿವಿ ಹಿಂಡಿದ್ದರು, ಅದನ್ನೂ ಬಿಟ್ಟಿದ್ದೇನೆ ಎಂದು ಆನಂದಪ್ಪ ಬಿಕ್ಕಿದ. ಮುನಿಯಲ್ಲಮ್ಮ ತುಟಿ ಬಿಚ್ಚಲಿಲ್ಲ. ಗಂಡಸರು ಜನಾಜಕ್ಕೆ ಹೆಗಲು ಕೊಡಲು ಬಗ್ಗಿದರು.

“ಜರಾ ಠಹರೋ, ಸ್ವಲ್ಪ ನಿಲ್ಲಿ,” ಎಂದಿತು ಒಂದು ದನಿ. ಮೇಷ್ಟರ ಹೆಂಡತಿ ಬದರುನ್ನೀಸಾ. ಬೆಳಗ್ಗೆಯಿಂದ ಆಕೆ ಆಡಿದ ಮೊದಲನೆಯ ಮಾತು ಅದು. ನಮಾಜಿಗೆ ಹೊತ್ತಾಗುತ್ತದೆ ಎಂದು ಹಿರಿಯರೊಬ್ಬರು ಗೊಣಗಿದರು. ಆಕೆ ಅತ್ತ ನೋಡಲೂ ಇಲ್ಲ. ಮುನಿಯಲ್ಲಮ್ಮನ ಕೈ ಹಿಡಿದು ಒಳಪಡಸಾಲೆಗೆ ಕರೆದುಕೊಂಡು ಹೋದಳು.

“ನಿಂಗೆ ಗೊತ್ತಾಯ್ತು ಅಲ್ವಾ ಬೇಟಿ? ಮೊಯಿನುದ್ದೀನ್ ಹೇಳಿದ್ದು ನಂಗೂ ಕೇಳಿಸ್ತು.”

ಮುನಿಯಲ್ಲಮ್ಮ ತಲೆಯಾಡಿಸಿದಳು.

ಬದರುನ್ನೀಸಾ ಕಿಟಕಿ ತೋರಿಸಿದಳು. ಕಂಬಿಗಳಿಗೆ ಸುತ್ತಿದ ಮಲ್ಲಿಗೆ ಸರಗಳು, ಒಂದರ ಮೇಲೊಂದು, ಒಣಗಿ ಕಂದಾಗಿ ನೇತಾಡುತ್ತಿದ್ದವು. ಎಷ್ಟು ಶುಕ್ರವಾರಗಳವೋ. ಪ್ರತಿ ವಾರವೂ, ಇವತ್ತು ಹೇಳಿಯೇ ಬರುತ್ತೇನೆ ಎಂದು ಹೊರಡುತ್ತಿದ್ದರಂತೆ. ಅಲ್ಲಿ ಹೋಗಿ ಮೀನಮೇಷ ಎಣಿಸಿ, ಹೂ ಹಿಡಿದು ವಾಪಸು ಬರುತ್ತಿದ್ದರಂತೆ.

“ಹೇಳಿ ಬರೋ ದಿವ್ಸ ಮುಡೀತೀನಿ ಅಂದಿದ್ದೆ ನಾನು,” ಎಂದಳು ಬದರುನ್ನೀಸಾ. “ಎಂಟು ವರ್ಷ ಒಂದು ಹೂವು ಮುಡೀಲಿಲ್ಲ. ಇನ್ನು ಮುಡಿಯೋ ಹಂಗೂ ಇಲ್ಲ. ಹೋದ ಶುಕ್ರವಾರ ಎದ್ದು ನಿಲ್ಲೋಕೇ ಆಗ್ಲಿಲ್ಲ ಅವ್ರಿಗೆ. ನನ್ನ ಎತ್ತೋ ಮೊದ್ಲು ಆ ಮಗು ಹತ್ರ ಬೇರೆಯಾಗಿ ಕೇಳು ಅಂದ್ರು. ಎಲ್ಲರ ಜೊತೆ ಸೇರಿಸ್ಬೇಡ ಅಂದ್ರು. ಈಗ ಕೇಳ್ತಿದೀನಿ. ಮಾಫ್ ಮಾಡ್ತೀಯಾ?”

“ಅದಿಮೂರು ವರ್ಸ ಅಮ್ಮ,” ಎಂದಳು ಮುನಿಯಲ್ಲಮ್ಮ. “ಒಂದ್ ಮಾತು. ನೀನು ಚೆಲ್ಲಿಲ್ಲ ಅಂತ ಒಂದ್ ಮಾತು. ಗೇಟಲ್ಲಿ ಯೋಳ್ಬೋದಾಗಿತ್ತು. ನಾನೇನ್ ಅವ್ರನ್ನ ನುಂಗ್ತಿದ್ನಾ?”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅರ್ಧ ಅಂಗುಲ ಮರಳಿಗೆ ಹೋದದ್ದಕ್ಕೆ ಆ ಮನೆಯಲ್ಲಿ ಕೊಡಲು ಏನಿತ್ತು? ಹೊರಗೆ ಯಾರೋ ಮತ್ತೆ ಹೊತ್ತಾಯಿತು ಎಂದರು.

“ಆ ಡಬ್ಬ ಐತಾ?” ಎಂದು ಕೇಳಿದಳು ಮುನಿಯಲ್ಲಮ್ಮ ಕೊನೆಗೆ. “ಆ ಗಿಡ್ಡ ಶಂಕು?”

ಇತ್ತು. ಗೂಡಿನಲ್ಲಿ, ಲಗ್ನಪತ್ರಿಕೆಯ ಪೆಟ್ಟಿಗೆಗಳ ನಡುವೆ, ಒರೆಸಿ ಇಟ್ಟಿದ್ದರು. ಡಬ್ಬ, ಗಿಡ್ಡ ಶಂಕು, ಆಮೇಲೆ ಮಾಡಿಸಿದ ಸರಿಯಾದ ಶಂಕು. ಮೂರನೆಯದನ್ನು ಮುನಿಯಲ್ಲಮ್ಮ ಮುಟ್ಟಲಿಲ್ಲ. ಮಿಕ್ಕ ಎರಡನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ಅಂಗಳದ ಮೂಲೆಯಲ್ಲಿ, ಹಿತ್ತಲ ಗೋಡೆ ಕಟ್ಟಿಸಲು ಮೇಷ್ಟರೇ ಹಾಕಿಸಿದ್ದ ಮರಳಿನ ಗುಡ್ಡೆ ಇತ್ತು. ಮುದ್ದೆ ಮುಚ್ಚುವ ಬೋಗುಣಿಯಲ್ಲಿ ಒಣ ಮರಳು ತೆಗೆದುಕೊಂಡಳು. ಒಂದು ಹಳೇ ಪೇಪರು ಕೇಳಿದಳು. ಸೊಣ್ಣಮ್ಮ ತಂದು ಕೊಟ್ಟಳು. ಅದನ್ನು ಕೊಡವಿ, ಪಡಸಾಲೆಯ ಮೆಟ್ಟಿಲ ಮೇಲೆ, ಮೇಷ್ಟರ ಮುಖ ಕಾಣುವ ಹಾಗೆ ಹಾಸಿ, ನಡುವೆ ಡಬ್ಬ ಇಟ್ಟಳು. ಬೋಗುಣಿಯನ್ನು ಪೇಪರಿನಿಂದ ಆಚೆಗೆ ಇಟ್ಟಳು.

ಅಂಗಳದ ತುಂಬ ಜನ ನೋಡುತ್ತಿದ್ದರು. ಇವಳೇನು ಮಾಡುತ್ತಿದ್ದಾಳೆ ಎಂದು ಕೆಲವರಿಗೆ ತಿಳಿಯಲಿಲ್ಲ. ಆನಂದಪ್ಪನಿಗೆ ಶಂಕು ಕಂಡ ತಕ್ಷಣ ತಿಳಿಯಿತು. ಎಪ್ಪತ್ಮೂರರ ಇನ್‌ಸ್ಪೆಕ್ಟರ ಕತೆಯೂ, ಯಾವಳೋ ಹುಡುಗಿ ಶಾಲೆ ಬಿಟ್ಟ ಕತೆಯೂ ಅವನಿಗೆ ಅಲ್ಲಲ್ಲಿ ಕೇಳಿ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಿದವನು ತಲೆ ತಗ್ಗಿಸಿದ.

ಮುನಿಯಲ್ಲಮ್ಮ ಬೋಗುಣಿಯ ಮೇಲೆ ಶಂಕು ಹಿಡಿದು ತುಂಬಿದಳು. ಅಂಗೈಯಲ್ಲಿ ತಲೆ ಸವರಿದಳು. ಡಬ್ಬಕ್ಕೆ ಸುರಿದಳು. ಕೈ ನಡುಗುತ್ತದೆ ಎಂದು ಅವಳೇ ಕಾಯುತ್ತಿದ್ದಳು. ನಡುಗಲಿಲ್ಲ. ಎರಡನೆಯದು ಸುರಿದಳು. ಮೂರನೆಯದನ್ನು ಸುರಿದು, ಶಂಕುವಿನ ತುದಿಯನ್ನು ಬೆರಳಲ್ಲಿ ತಟ್ಟಿ, ಒಳಗೆ ಏನೂ ಉಳಿದಿಲ್ಲವೆಂದು ನೋಡಿ, ಪಕ್ಕಕ್ಕಿಟ್ಟಳು.

ಡಬ್ಬದ ಬಾಯಿ ಇನ್ನೂ ಅರ್ಧ ಅಂಗುಲ ಮೇಲಿತ್ತು.

ಅವಳು ಅದನ್ನು ನೋಡುತ್ತಾ ಕೂತಳು. ಆಮೇಲೆ ಮೇಷ್ಟರ ಮುಖ ನೋಡಿದಳು. ಜನಾಜದ ನಾಲ್ಕು ಮೂಲೆಯವರೂ ಹೊತ್ತಾಯಿತು ಎನ್ನುತ್ತಿದ್ದ ಹಿರಿಯರೂ ನಿಂತಲ್ಲೇ ನಿಂತು ನೋಡುತ್ತಿದ್ದರು. ಮುನಿಯಲ್ಲಮ್ಮನ ಕೆನ್ನೆಯ ಮೇಲೆ ಈಗ ನೀರು ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಬೋಗುಣಿಗೆ ಕೈ ಹಾಕಿ ಒಂದು ಹಿಡಿ ಮರಳು ತೆಗೆದಳು. ಡಬ್ಬದ ಮೇಲೆ ಮುಷ್ಟಿ ಹಿಡಿದು, ಸಣ್ಣ ಧಾರೆಯಾಗಿ ಬಿಟ್ಟಳು. ಸಾಲಲಿಲ್ಲ. ಇನ್ನೊಂದು ಹಿಡಿ. ಕಂಠಮಟ್ಟಕ್ಕೆ ಬಂದಾಗ ನಿಲ್ಲಿಸಿ, ಅಂಗೈಯನ್ನು ಮಗುವಿನ ತಲೆ ಸವರುವ ಹಾಗೆ ಮೆಲ್ಲಗೆ ಆಡಿಸಿ ಸಮ ಮಾಡಿದಳು.

ಡಬ್ಬವನ್ನು ಎರಡು ಕೈಯಲ್ಲಿ ಎತ್ತಿ ವಹಾಬನ ಮುಂದೆ ಹಿಡಿದಳು.

“ಮಣ್ಣಾಕೋಕೆ ಎಂಗಸ್ರು ಅಲ್ಲಿಗೆ ಬರೋಂಗಿಲ್ಲ ಅಂತಾರಲ್ಲ. ಎಲ್ರೂ ಮೂರ್ ಮೂರು ಹಿಡಿ ಆಕ್ತಾರೆ. ನಂದು ಇದು. ಅವ್ರಿಗೆ ತುಂಬ್ಸಿ ಕೊಟ್ಟಿದೀನಿ ಅಂತ ಯೋಳಿ ಆಕಿ.”

ವಹಾಬ್ ತೆಗೆದುಕೊಂಡ. ಬಲ ಹೆಗಲನ್ನು ಜನಾಜಕ್ಕೆ ಕೊಟ್ಟು, ಎಡಗೈಯಲ್ಲಿ ಡಬ್ಬವನ್ನು ಎದೆಗೆ ಒತ್ತಿ ಹಿಡಿದುಕೊಂಡ. ಎತ್ತಿದರು. ಕೆಂಪು ಗುಲಾಬಿಯ ಚಾದರ ಬಾಗಿಲು ದಾಟಿತು, ಬೀದಿಯ ಬೇವಿನ ಮರ ದಾಟಿತು, ಕೆರೆ ಏರಿಯ ತಿರುವಿನಲ್ಲಿ ಮರೆಯಾಯಿತು. ಕಲಿಮಾ ಹೇಳುವವರ ದನಿ ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು. ಖಾಕಿ ಯೂನಿಫಾರಮ್ಮಿನ ಆನಂದಪ್ಪ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದ.

ಅಂಗಳದಲ್ಲಿ ಹೆಂಗಸರು ಉಳಿದರು. ಮುನಿಯಲ್ಲಮ್ಮ ಬೋಗುಣಿಯ ಮರಳನ್ನು ಗುಡ್ಡೆಗೆ ಸುರಿದು ಬರಲು ಎದ್ದಳು. ಬದರುನ್ನೀಸಾ ಮೆಟ್ಟಿಲ ಬಳಿ ಕುಕ್ಕರಿಸಿ, ಪೇಪರಿನ ನಾಲ್ಕು ಮೂಲೆಗಳನ್ನು ಒಟ್ಟಿಗೆ ಹಿಡಿದು ಎತ್ತಿದಳು. ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ಸಾರಿಸಿದ ನೆಲದ ಮೇಲೆ, ಎಲ್ಲ ಹೆಂಗಸರ ಮುಂದೆ, ಅದನ್ನು ತಲೆಕೆಳಗು ಮಾಡಿ ಒಂದು ಸಲ ಕೊಡವಿದಳು, ಇನ್ನೊಂದು ಸಲ ಕೊಡವಿದಳು.

ಏನೂ ಉದುರಲಿಲ್ಲ.